ಸಹಾಯ ಬೇಕು: ಸ್ಕೋನ್ ಮೇಲಕ್ಕೆ ಉಬ್ಬುತ್ತಿಲ್ಲ, ಪಕ್ಕಕ್ಕೆ ಹರಡುತ್ತಿದೆ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಇಪ್ಪತ್ತು ಜನರಿಗೆ ನಾನೇ ಸ್ಕೋನ್ (ಚಹಾದ ಜೊತೆ ತಿನ್ನುವ, ಓವನ್‌ನಲ್ಲಿ ಬೇಯಿಸಿದ ಚಿಕ್ಕ ಬನ್ನಿನಂಥ ತಿನಿಸು) ಮಾಡಿ ಹಂಚಬೇಕು ಅಂತ ಬಹಳ ಆಸೆ. ಈಗಾಗಲೇ ಮೂರು ಸಲ ಮಾಡಿ ನೋಡಿದೆ. ರುಚಿಗೇನೂ ಕೊರತೆಯಿಲ್ಲ, ಆದರೆ ಬಿಸ್ಕತ್ತಿನ ಹಾಗೆ ಚಪ್ಪಟೆಯಾಗುತ್ತಿದೆ.

ನನ್ನ ಅಳತೆ: 250 ಗ್ರಾಂ ಮೈದಾ, 60 ಗ್ರಾಂ ಬೆಣ್ಣೆ, 40 ಗ್ರಾಂ ಸಕ್ಕರೆ, ಮೂರು ಚಿಕ್ಕ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, 150 ಮಿ.ಲೀ. ಹಾಲು. ಮೊಟ್ಟೆ ಹಾಕುವುದಿಲ್ಲ, ತಿನ್ನದವರೂ ಬರುತ್ತಾರೆ. ಓವನ್ 220 ಡಿಗ್ರಿ ಸೆಲ್ಸಿಯಸ್, 12ರಿಂದ 15 ನಿಮಿಷ.

ನನಗೆ ಅನುಮಾನ ಬೆಣ್ಣೆಯ ಮೇಲೆ. ಅದು ತಣ್ಣಗೆ ಚೂರುಚೂರಾಗಿ ಉಳಿದರೇ ಒಳಗೆ ಪದರ ಬಿಡುವುದು. ನಾನು ಬೆರಳಲ್ಲಿ ಹಿಟ್ಟಿಗೆ ಉಜ್ಜುವಷ್ಟರಲ್ಲಿ ಕರಗಿ ಜಿಡ್ಡಾಗಿಬಿಡುತ್ತದೆ. ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ತುರಿದು ಹಾಕಿದರೆ ಸರಿಹೋದೀತೇ? ಹಾಲೂ ಜಾಸ್ತಿಯಾಯಿತೇನೋ, ಹಿಟ್ಟು ಕೈಗೆ ಬಹಳ ಅಂಟುತ್ತದೆ. ಹೆಚ್ಚು ನಾದುವುದಿಲ್ಲ, ಎರಡೂವರೆ ಸೆಂ.ಮೀ. ದಪ್ಪಕ್ಕೆ ತಟ್ಟಿ, ಕಟರನ್ನು ತಿರುಚದೆ ನೇರವಾಗಿ ಒತ್ತುತ್ತೇನೆ. ಟ್ರೇ ಮೇಲೆ ದೂರ ದೂರ ಇಡುತ್ತಿದ್ದೆ. ಹತ್ತಿರ ಇಟ್ಟರೆ ಒಂದಕ್ಕೊಂದು ಆತುಕೊಂಡು ಮೇಲೇಳುತ್ತವೆ ಅಂತ ಒಬ್ಬರು ಹೇಳಿದರು. ಯಾರಾದರೂ ಹಾಗೆ ಮಾಡಿದ್ದೀರಾ?

ಇನ್ನೊಂದು ವಿಷಯ. ಸ್ಕೋನ್ ಬಿಸಿಬಿಸಿಯಾಗಿದ್ದರೇ ಚೆಂದ, ಮರುದಿನಕ್ಕೆ ಒಣಗುತ್ತದೆ. ಹಾಗಾಗಿ ಶನಿವಾರವೇ ಕತ್ತರಿಸಿ ಬೇಯಿಸದೆ ಫ್ರೀಜರಿನಲ್ಲಿಟ್ಟು, ಬೆಳಗ್ಗೆ ನೇರವಾಗಿ ಓವನ್‌ಗೆ ಹಾಕಬೇಕೆಂದಿದ್ದೇನೆ. ಎಷ್ಟು ನಿಮಿಷ ಹೆಚ್ಚು ಬೇಕಾದೀತು? ಮಾಡಿ ಅನುಭವ ಇರುವವರು ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ, ಇನ್ನೊಂದು ಸಲ ಮಾಡಿ ನೋಡಲು ಸಮಯ ಸಿಗುತ್ತದೆ.