ನೈರೋಬಿಯಲ್ಲಿ ಒಂದು ದಿನ ಬಿಡುವಿದೆ, ಎಲ್ಲಿಗೆ ಹೋಗಲಿ?

ತುಂಗಾತೀರ:
ನಾನು ಶಿವಮೊಗ್ಗದವಳು, ಎಂ.ಎಸ್ಸಿ. ಓದುತ್ತಿದ್ದೇನೆ. ಮುಂದಿನ ತಿಂಗಳು ಒಂದು ಸೆಮಿಸ್ಟರ್‌ಗೆ ಕೀನ್ಯಾದ ನೈರೋಬಿಗೆ ಹೊರಟಿದ್ದೇನೆ. ಕ್ಲಾಸ್ ಶುರುವಾಗುವ ಮುಂಚೆ ಒಂದು ಶನಿವಾರ ಪೂರ್ತಿ ಖಾಲಿ ಇದೆ. ಸಿಂಹ ನೋಡು ಅಂತ ಎಲ್ಲರೂ ಹೇಳುತ್ತಾರೆ, ಆದರೆ ನನಗೆ ಊರು ನೋಡಬೇಕು, ಅಲ್ಲಿನವರು ರಜೆಯಲ್ಲಿ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಹೋಗಬೇಕು. ಒಬ್ಬಳೇ ಇರುತ್ತೇನೆ, ಸಸ್ಯಾಹಾರಿ, ಕೈಯಲ್ಲಿ ದುಡ್ಡು ಕಡಿಮೆ. ಅಮ್ಮನಿಗೆ ಈಗಲೇ ಭಯ. ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದೀರಾ?

ಹೊಸನಗರದ ಮಳೆ:
ನಾನು ಅಲ್ಲೇ ಓದಿದ್ದು. ಬೆಳಿಗ್ಗೆ ಮೊದಲು ಕರೂರಾ ಕಾಡಿಗೆ ಹೋಗಿ, ಬೇರೆಲ್ಲ ಆಮೇಲೆ. ಊರಿನ ಉತ್ತರಕ್ಕೆ ಸುಮಾರು 1,000 ಹೆಕ್ಟೇರ್ ಕಾಡು. ಒಳಗೆ ಜಲಪಾತ ಇದೆ, ಗುಹೆಗಳಿವೆ, ಬಾಡಿಗೆಗೆ ಸೈಕಲ್ ಸಿಗುತ್ತದೆ. ವಾರಾಂತ್ಯದಲ್ಲಿ ಮಕ್ಕಳನ್ನು ಕರೆದುಕೊಂಡು ಸಂಸಾರಗಳೇ ಬರುತ್ತವೆ, ಹಾಗಾಗಿ ಒಂಟಿ ಅನ್ನಿಸುವುದಿಲ್ಲ. ಮರದ ಕೆಳಗೆ ನಡೆಯುವುದು ಮಲೆನಾಡಿನವರಿಗೆ ಹೊಸದಲ್ಲ, ಆದರೂ ಅಷ್ಟು ದೊಡ್ಡ ರಾಜಧಾನಿಯ ಮಧ್ಯೆ ಅಂಥ ಕಾಡು ಉಳಿದಿದೆಯಲ್ಲ, ಅದನ್ನು ನೋಡಲೇಬೇಕು.

ಮಧ್ಯಾಹ್ನ ರೈಲ್ವೆ ಮ್ಯೂಸಿಯಂ. ನೈರೋಬಿ ಹುಟ್ಟಿದ್ದೇ 1899ರಲ್ಲಿ, ರೈಲ್ವೆ ಡಿಪೋ ಆಗಿ. ಮೊಂಬಾಸಾದಿಂದ ಆ ಹಳಿ ಹಾಕಲು ನಮ್ಮ ದೇಶದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು, ಹೆಚ್ಚಿನವರು ಪಂಜಾಬಿನ ಕಡೆಯವರು, ಅವರಲ್ಲಿ ಸುಮಾರು 2,500 ಜನ ಸತ್ತರು. ಹಳೇ ಇಂಜಿನ್‌ಗಳ ಪಕ್ಕ ನಿಂತಾಗ ಇದು ನೆನಪಿರಲಿ.

ಊಟಕ್ಕೆ ಚಿಂತೆ ಬೇಡ. ಚಪಾತಿ ಎಲ್ಲ ಕಡೆ ಸಿಗುತ್ತದೆ. ಗಿಥೇರಿ ಅಂದರೆ ಮೆಕ್ಕೆಜೋಳ, ಬೀನ್ಸ್ ಕಾಳು ಸೇರಿಸಿ ಬೇಯಿಸಿದ್ದು, ಮಾಂಸ ಹಾಕಿಲ್ಲ ತಾನೇ ಅಂತ ಕೇಳಿಕೊಂಡು ತಿನ್ನಿ. ಉಗಾಲಿ ನಮ್ಮ ಮುದ್ದೆ ಇದ್ದ ಹಾಗೆ, ಮೆಕ್ಕೆಜೋಳದ ಹಿಟ್ಟಿನದು, ಜೊತೆಗೆ ಸೊಪ್ಪಿನ ಪಲ್ಯ. ಪಾರ್ಕ್‌ಲ್ಯಾಂಡ್ಸ್ ಕಡೆ ಹೋದರೆ ಗುಜರಾತಿ ಊಟವೂ ಇದೆ.

ಸಾಗರದ ಮೇಷ್ಟ್ರು:
ಕರೂರಾ ಹೆಸರು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಂಗೀ, ಆ ಕಾಡು ತಾನಾಗಿ ಉಳಿದದ್ದಲ್ಲ. ತೊಂಬತ್ತರ ದಶಕದಲ್ಲಿ ಅದನ್ನು ತುಂಡು ತುಂಡು ಮಾಡಿ ಬಿಲ್ಡರ್‌ಗಳಿಗೆ ಹಂಚಲು ಹೊರಟಿದ್ದರು. ಅಲ್ಲಿನ ಪರಿಸರ ಹೋರಾಟಗಾರ್ತಿ ವಾಂಗಾರಿ ಮಾಥಾಯ್ ಸಸಿ ನೆಡಲು ಜನರನ್ನು ಕಟ್ಟಿಕೊಂಡು ಅಲ್ಲಿಗೆ ಹೋದರು. 1999ರ ಜನವರಿಯಲ್ಲಿ ಅವರ ತಲೆಗೇ ಪೆಟ್ಟು ಬಿತ್ತು, ಆದರೂ ಬಿಡಲಿಲ್ಲ. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಆಫ್ರಿಕಾದ ಹೆಣ್ಣುಮಗಳೊಬ್ಬರಿಗೆ ಅದು ಬಂದದ್ದು ಅದೇ ಮೊದಲು. 1983ರಲ್ಲಿ ನಮ್ಮ ಶಿರಸಿ ಕಡೆ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರಲ್ಲ, ಆ ಅಪ್ಪಿಕೋ ಚಳವಳಿಯ ವಿಷಯ ಅಲ್ಲಿನ ಗೆಳೆಯರಿಗೆ ಹೇಳು. ಮಾತು ಬೆಳೆಯುತ್ತದೆ, ಪರಿಚಯವೂ ಆಗುತ್ತದೆ.

ಕಾಫಿ ತೋಟ ಕೊಪ್ಪ:
ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನ್ಯಾಷನಲ್ ಪಾರ್ಕ್ ಬಿಡಬೇಡಿ. 117 ಚದರ ಕಿಲೋಮೀಟರ್, 1946ರಲ್ಲೇ ಆದದ್ದು, ಸಿಂಹದ ಹಿಂದೆ ಊರಿನ ದೊಡ್ಡ ಕಟ್ಟಡಗಳು ಕಾಣುತ್ತವೆ. ಬೇರೆಲ್ಲಿ ಇದೆ ಹೇಳಿ?

ಹೊಸನಗರದ ಮಳೆ:
ಚೆನ್ನಾಗಿದೆ ನಿಜ ಮಾರಾಯ್ರೇ, ಆದರೆ ಹೊರದೇಶದವರಿಗೆ ಟಿಕೆಟ್ ದುಬಾರಿ, ಮೇಲೆ ಗಾಡಿ ಬಾಡಿಗೆ ಬೇರೆ. ಕ್ಲಾಸ್‌ನವರು ನಾಲ್ಕೈದು ಜನ ಸೇರಿ ಗಾಡಿ ಮಾಡಿಕೊಂಡು ಇನ್ನೊಂದು ದಿನ ಹೋಗಲಿ.

ತುಂಗಾತೀರ:
ತುಂಬಾ ಥ್ಯಾಂಕ್ಸ್. ಕರೂರಾ, ಆಮೇಲೆ ರೈಲ್ವೆ ಮ್ಯೂಸಿಯಂ, ಇಷ್ಟು ಖಾಯಂ. ಮೇಷ್ಟ್ರೇ, ಸಾಲ್ಕಣಿ ವಿಷಯ ಖಂಡಿತ ಹೇಳುತ್ತೇನೆ. ಓಡಾಡೋಕೆ ಮಟಾಟು, ಅಂದರೆ ಅಲ್ಲಿನ ಖಾಸಗಿ ಮಿನಿಬಸ್, ಹತ್ತಬಹುದಾ? ಚಳಿ ಹೇಗೆ?

ಹೊಸನಗರದ ಮಳೆ:
ಹಗಲು ಧಾರಾಳವಾಗಿ ಹತ್ತಿ. ಹತ್ತುವ ಮುಂಚೆ ರೇಟ್ ಕೇಳಿ, ಮಳೆ ಬಂದರೆ ಏರಿಸುತ್ತಾರೆ. ಪಾಸ್‌ಪೋರ್ಟ್ ತೋರಿಸಿ ಸಿಮ್ ತಗೊಂಡು ಎಂ-ಪೆಸಾ (ಫೋನ್‌ನಲ್ಲೇ ದುಡ್ಡು ಕೊಡುವ ವ್ಯವಸ್ಥೆ) ಮಾಡಿಸಿಕೊಳ್ಳಿ, ತರಕಾರಿ ಅಂಗಡಿಯಲ್ಲೂ ಅದೇ ನಡೆಯುತ್ತದೆ. ಪೇಟೆಯಲ್ಲಿ ಕಿಟಕಿ ಪಕ್ಕ ಕೂತು ಫೋನ್ ಹೊರಗೆ ಹಿಡಿಯಬೇಡಿ, ಕಿತ್ತುಕೊಂಡು ಹೋಗುತ್ತಾರೆ. ಕತ್ತಲಾದ ಮೇಲೆ ಟ್ಯಾಕ್ಸಿ ಆ್ಯಪ್, ಇದನ್ನು ಅಮ್ಮನಿಗೂ ಹೇಳಿ, ಸಮಾಧಾನ ಆಗುತ್ತದೆ. ಊರು ಹೆಚ್ಚು ಕಡಿಮೆ ನಮ್ಮ ಕುದುರೆಮುಖ ಶಿಖರದಷ್ಟೇ ಎತ್ತರದಲ್ಲಿದೆ, ಸ್ವೆಟರ್ ಬೇಕೇ ಬೇಕು. ಪ್ಲಾಸ್ಟಿಕ್ ಕೈಚೀಲ 2017ರಿಂದ ನಿಷೇಧ, ಬಟ್ಟೆ ಚೀಲ ತಗೊಂಡು ಹೋಗಿ.