ಹವಳದ ನೀರಿಗೂ ಹನೋಯ್ ರಸ್ತೆಗೂ ಜೊತೆಗೊಬ್ಬ: ಡೈವಿಂಗ್ ಕಲಿಸುವವರಿಗೆ ನಿಮ್ಮ ಪ್ರಶ್ನೆಗಳು

ಈ ವಾರ ನಮ್ಮ ಗುಂಪಿನಲ್ಲಿ ಉತ್ತರ ಕೊಡ್ತಿರೋರು ಹೊಸನಗರ ಕಡೆಯವರು. ಥಾಯ್ಲೆಂಡ್‌ನ ಕೊಹ್ ತಾವ್ ದ್ವೀಪದಲ್ಲಿ ಕೆಲವು ವರ್ಷ ಸ್ಕೂಬಾ ಡೈವಿಂಗ್ ಕಲಿಸಿದ್ದಾರೆ, ಈಗ ಸೀಸನ್‌ನಲ್ಲಿ ಮುರ್ಡೇಶ್ವರದಲ್ಲಿ ಇರ್ತಾರೆ.

ಪ್ರಶ್ನೆ (ತೀರ್ಥಹಳ್ಳಿ): ಅಣ್ಣಾ, ನಂಗೆ 26 ವರ್ಷ. ಅಡಿಕೆ ಕೊನೆ ಕೊಯ್ಲು, ಸುಲಿಯೋದು, ಒಣಗಿಸೋದು ಎಲ್ಲ ಮುಗಿದ ಮೇಲೆ ಮಾರ್ಚ್‌ನಲ್ಲಿ ಗೆಳೆಯನ ಜೊತೆ ಮೂರು ವಾರ ಬ್ಯಾಗ್ ಹೊತ್ತು ಹೊರಡೋಣ ಅಂತಿದೀವಿ. ಮೊದಲು ಕೊಹ್ ತಾವ್‌ನಲ್ಲಿ ಡೈವಿಂಗ್ ಕೋರ್ಸ್, ಆಮೇಲೆ ಬ್ಯಾಂಕಾಕ್, ಅಲ್ಲಿಂದ ವಿಯೆಟ್ನಾಂನ ಹನೋಯ್. ನಾನು ತುಂಗೆಯಲ್ಲಿ ಈಜು ಕಲಿತವನು. ಚಿಕ್ಕವನಿದ್ದಾಗ ಎಡಗಿವಿ ಸೋರ್ತಿತ್ತು, ಈಗೇನೂ ತೊಂದ್ರೆ ಇಲ್ಲ. ಗೆಳೆಯ ಈಜು ಬರುತ್ತೆ ಅಂತಾನೆ, ನಾನು ನೋಡಿಲ್ಲ. ಟಿಕೆಟ್ ಮಾಡಿಸೋ ಮುಂಚೆ ಎಂತ ನೋಡ್ಕೋಬೇಕು?

ಉತ್ತರ: ಮೊದಲು ಕಿವಿ. ಟಿಕೆಟ್ಟು, ವೀಸಾ, ಬ್ಯಾಗು ಎಲ್ಲ ಆಮೇಲೆ.

ಆಗುಂಬೆಯಿಂದ ಬಸ್ಸಲ್ಲಿ ಸೋಮೇಶ್ವರಕ್ಕೆ ಇಳಿಯುವಾಗ ಕಿವಿ ಕಟ್ಟುತ್ತಲ್ಲ, ಉಗುಳು ನುಂಗಿದ್ರೆ ಬಿಡುತ್ತೆ. ಆ ಇಡೀ ಘಾಟಿ ಇಳಿದಾಗ ಗಾಳಿಯ ಒತ್ತಡ ಎಷ್ಟು ಬದಲಾಗುತ್ತೋ, ನೀರಲ್ಲಿ ಒಂದು ಮೀಟರ್ ಇಳಿಯೋ ಮುಂಚೆಯೇ ಅಷ್ಟು ಬದಲಾಗಿರುತ್ತೆ. 10 ಮೀಟರ್‌ಗೆ ಹೋದ್ರೆ ದಡದಲ್ಲಿ ಇದ್ದದ್ದರ ಎರಡು ಪಟ್ಟು. ಆರಂಭದ ಓಪನ್ ವಾಟರ್ ಕೋರ್ಸ್‌ನಲ್ಲಿ 18 ಮೀಟರ್‌ವರೆಗೆ ಕರ್ಕೊಂಡು ಹೋಗ್ತಾರೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿ ಬಿಡಿಸ್ಕೊಳ್ಳೋದನ್ನ ಕಲಿಸ್ತಾರೆ. ನೋವು ಬಂದ ಮೇಲೆ ಬಿಡಿಸೋದಲ್ಲ, ತಲೆ ಮುಳುಗಿದ ಕೂಡಲೇ ಶುರು ಮಾಡ್ಬೇಕು. ಮೇಲಿನ ಮೂರ್ನಾಲ್ಕು ಮೀಟರ್‌ನಲ್ಲೇ ಹೆಚ್ಚು ಜನರಿಗೆ ತೊಂದರೆ ಆಗೋದು.

ಸೋರ್ತಿದ್ದ ಕಿವಿ ಅಂದ್ರೆ ತಮಟೆಯಲ್ಲಿ ತೂತು ಇದ್ದಿರಬಹುದು. ಅದು ಮುಚ್ಚಿದ್ಯಾ, ಗಟ್ಟಿ ಇದ್ಯಾ ಅಂತ ಕಿವಿ-ಮೂಗು-ಗಂಟಲು ಡಾಕ್ಟರ್ ನೋಡ್ಬೇಕು. ತೂತು ಉಳಿದಿದ್ರೆ ಆಳದಲ್ಲಿ ತಣ್ಣೀರು ತಮಟೆ ದಾಟಿ ನಡುಗಿವಿಗೆ ಹೋಗುತ್ತೆ, ತಲೆ ಗಿರ್ರನೆ ಸುತ್ತುತ್ತೆ, ಮೇಲೆ ಯಾವುದು ಕೆಳಗೆ ಯಾವುದು ತಿಳಿಯೋದಿಲ್ಲ. ಇದರಲ್ಲಿ ನಾನು ಬಿಗಿ. ಯಾಕಂದ್ರೆ ಕಲಿಯೋ ದಿನಗಳಲ್ಲಿ ನೆಗಡಿ ಇದ್ದದ್ದನ್ನ ಮುಚ್ಚಿಟ್ಟು ನಾನೇ ಇಳಿದಿದ್ದೆ. ಮೂಗು ಬಿಡಿಸೋ ಮಾತ್ರೆ ನುಂಗಿದ್ದೆ, ಇಳಿಯೋದೇನೋ ಸಲೀಸಾಯ್ತು. ತಳದಲ್ಲಿದ್ದಾಗ ಮಾತ್ರೆಯ ಶಕ್ತಿ ಮುಗೀತು, ಮೇಲೆ ಬರುವಾಗ ಗಾಳಿ ಕಿವಿಯೊಳಗೇ ಸಿಕ್ಕಿಬಿತ್ತು. ದೋಣಿ ಹತ್ತಿದಾಗ ಮೂಗಲ್ಲಿ ರಕ್ತ. ಮೂರು ವಾರ ನೀರಿಗಿಳಿಯೋ ಹಾಗಿರಲಿಲ್ಲ. ಜೊತೆಗಿದ್ದವನಿಗೆ ಒಂದು ಮಾತು ಹೇಳಿದ್ರೆ ಸಾಕಿತ್ತು, ಅವನೇ ತಡೀತಿದ್ದ.

ಈಗ ಗೆಳೆಯನ ಈಜು. ಕೋರ್ಸ್‌ನಲ್ಲಿ ಎಲ್ಲೂ ನಿಲ್ಲದೆ 200 ಮೀಟರ್ ಈಜಬೇಕು, ಹೊತ್ತಿನ ಮಿತಿ ಇಲ್ಲ. 10 ನಿಮಿಷ ಏನನ್ನೂ ಹಿಡಿಯದೆ ತೇಲಬೇಕು. ಕೆರೆಯಲ್ಲಿ ಧುಮುಕಿ ದಡ ಹಿಡಿಯೋದು ಬೇರೆ, ಇದು ಬೇರೆ. ನಿಮ್ಮ ಹತ್ತಿರದ ಈಜುಕೊಳಕ್ಕೆ ಇಬ್ಬರೂ ಒಟ್ಟಿಗೆ ಹೋಗಿ. 'ನಿನ್ನ ಈಜು ನೋಡ್ಬೇಕು' ಅಂತ ಅವನನ್ನ ಪರೀಕ್ಷೆಗೆ ನಿಲ್ಲಿಸ್ಬೇಡ, ನೀನೂ ಜೊತೆಗೆ ಈಜು. ಆಗಲಿಲ್ಲ ಅಂದ್ರೆ ಎರಡು ತಿಂಗಳು ಕಲಿಯೋಕೆ ಸಮಯ ಇದೆ. ಆಗಲೂ ಆಗಲಿಲ್ಲ ಅಂದ್ರೆ ಅವನಿಗೆ ಒಂದು ದಿನದ ಪರಿಚಯ ಡೈವ್ ಇದೆ. ಇನ್‌ಸ್ಟ್ರಕ್ಟರ್ ಜೊತೆಯಲ್ಲೇ ಇರ್ತಾರೆ, 12 ಮೀಟರ್ ದಾಟೋದಿಲ್ಲ. ಅನಿಮೋನಿ ಅನ್ನೋ ಹೂವಿನಂಥ ಸಮುದ್ರಜೀವಿಯ ನಡುವೆ ಆಡೋ ಕಿತ್ತಳೆ ಮೀನು ನೋಡೋಕೆ ಅಷ್ಟು ಆಳ ಧಾರಾಳ ಸಾಕು.

ತಿಂಗಳು ಸರಿಯಾಗಿ ಆರಿಸ್ಕೊಂಡಿದೀರಿ. ಕೊಹ್ ತಾವ್ ಇರೋ ಕೊಲ್ಲಿಯಲ್ಲಿ ಜೋರು ಮಳೆ ನವೆಂಬರ್ ಆಸುಪಾಸು. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಶಾಂತ.

ಇನ್ಶೂರೆನ್ಸ್ ಮಾಡಿಸುವಾಗ ಡೈವಿಂಗ್ ಸೇರಿದ್ಯಾ, ಎಷ್ಟು ಆಳದವರೆಗೆ ಅಂತ ಓದಿ ನೋಡು. ಎಷ್ಟೋ ಪಾಲಿಸಿಗಳಲ್ಲಿ ಅದನ್ನ ಹೊರಗಿಟ್ಟಿರ್ತಾರೆ. ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್ 2025ರ ಮೇ 1ರಿಂದ ಕಡ್ಡಾಯ. ತಲುಪೋ ಮುಂಚಿನ 3 ದಿನದೊಳಗೆ ಸರ್ಕಾರದ ವೆಬ್‌ಸೈಟ್‌ನಲ್ಲಿ ತುಂಬಬೇಕು. ಅದಕ್ಕೆ ಶುಲ್ಕ ಇಲ್ಲ, ದುಡ್ಡು ಕೇಳಿದ್ರೆ ನೀವು ಬೇರೆ ಎಲ್ಲೋ ಇದೀರಿ ಅಂತ ಅರ್ಥ. ವಿಯೆಟ್ನಾಂಗೆ ಇ-ವೀಸಾ ಇಲ್ಲಿಂದಲೇ ಮಾಡಿಸ್ಕೊಂಡು ಹೋಗಿ.

ಪ್ರಶ್ನೆ (ಸಾಗರ): ಸರ್, ವಿದೇಶಕ್ಕೆ ಹೋಗೋ ಮುಂಚೆ ಮುರ್ಡೇಶ್ವರದ ಹತ್ರದ ನೇತ್ರಾಣಿ ದ್ವೀಪದಲ್ಲಿ ಒಂದ್ಸಲ ಇಳಿದು ನೋಡೋಣ ಅಂತ. ಬೆಳಿಗ್ಗೆ ಡೈವ್ ಮುಗಿಸಿ ಮಧ್ಯಾಹ್ನ ಊಟ ಮಾಡಿ ಘಾಟಿ ಹತ್ತಿಬಿಟ್ರೆ ಸಂಜೆಗೆ ಮನೆ. ಸರಿ ತಾನೆ?

ಉತ್ತರ: ಬೇಡ. ನಮ್ಮ ಮಲೆನಾಡಿನವರು ಯಾರೂ ಕೇಳದ ಪ್ರಶ್ನೆ ಇದು, ಕೇಳಿದ್ದು ಒಳ್ಳೇದಾಯ್ತು.

ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಮೈಯಲ್ಲಿ ಕರಗಿ ಕೂತಿರುತ್ತೆ. ಗೋಲಿ ಸೋಡಾದಲ್ಲಿ ಗ್ಯಾಸು ಕಾಣದ ಹಾಗೆ ಇರುತ್ತಲ್ಲ, ಹಾಗೆ. ಗೋಲಿ ಒತ್ತಿದ ಕೂಡಲೇ ಗುಳ್ಳೆ ಏಳುತ್ತೆ. ಎತ್ತರಕ್ಕೆ ಹೋದಾಗ ಹೊರಗಿನ ಒತ್ತಡ ಇಳಿಯುತ್ತೆ, ಮೈಯೊಳಗೂ ಅದೇ ಆಗಬಹುದು. ಕೀಲು ನೋವು, ಕೈಕಾಲು ಜುಮ್ಮೆನ್ನೋದು, ಜೋರಾದ್ರೆ ಲಕ್ವ ಹೊಡೆದ ಹಾಗೆ. ಅದಕ್ಕೇ ವಿಮಾನ ಹತ್ತೋ ಮುಂಚೆ ಒಂದೇ ಡೈವ್ ಆಗಿದ್ರೆ 12 ಗಂಟೆ, ದಿನಕ್ಕೆರಡು ಅಥವಾ ದಿನಗಟ್ಟಲೆ ಮಾಡಿದ್ರೆ 18 ಗಂಟೆ ಕಾಯ್ಬೇಕು. 2,000 ಅಡಿ, ಅಂದ್ರೆ ಸುಮಾರು 600 ಮೀಟರ್ ಮೀರಿದ ಎತ್ತರಕ್ಕೆ ರಸ್ತೆಯಲ್ಲಿ ಹೋದ್ರೂ ಇದೇ ಲೆಕ್ಕ. ಆಗುಂಬೆ ಅದಕ್ಕಿಂತ ಮೇಲಿದೆ, ಕೊಡಚಾದ್ರಿ 1,343 ಮೀಟರ್. ನಮ್ಮ ಸಾಗರ, ಶಿವಮೊಗ್ಗ ಆ ಗಡಿಯ ಅಂಚಲ್ಲೇ ಇವೆ, ಘಾಟಿ ದಾರಿ ಎಲ್ಲೆಲ್ಲಿ ಏರುತ್ತೋ ಅಳೆಯುತ್ತಾ ಕೂರೋಕಾಗಲ್ಲ. ರಾತ್ರಿ ಮುರ್ಡೇಶ್ವರದಲ್ಲೇ ಮಲಗಿ, ಮರುದಿನ ಮಧ್ಯಾಹ್ನ ಹನ್ನೆರಡರ ಮೇಲೆ ಹೊರಡಿ.

ತೀರ್ಥಹಳ್ಳಿ ತಮ್ಮಾ, ನಿಂಗೂ ಇದು ಬೇಕು. ಕೊಹ್ ತಾವ್‌ನಿಂದ ದೋಣಿಯಲ್ಲಿ ಚುಂಫೋನ್, ಅಲ್ಲಿಂದ ರಾತ್ರಿ ರೈಲಲ್ಲಿ ಬ್ಯಾಂಕಾಕ್‌ಗೆ ಬಾ. ದುಡ್ಡೂ ಉಳಿಯುತ್ತೆ, ಮೈಗೂ ಸಮಯ ಸಿಗುತ್ತೆ.

ಪ್ರಶ್ನೆ (ಶಿವಮೊಗ್ಗ): ನನ್ನ ಮಗಳು ಗೆಳತಿ ಜೊತೆ ಇದೇ ಥರ ಹೊರಟಿದಾಳೆ. ನಂಗೆ ಸಮುದ್ರಕ್ಕಿಂತ ಆ ದೊಡ್ಡ ಊರುಗಳದ್ದೇ ಭಯ. ಗಾಂಧಿ ಬಜಾರ್ ಗದ್ದಲದಲ್ಲೇ ಅವಳ ಕೈ ಹಿಡ್ಕೊಂಡು ನಡೆಸಿದವಳು ನಾನು. ಅವಳಿಗೆ ಏನು ಹೇಳಿ ಕಳಿಸ್ಲಿ?

ಉತ್ತರ: ಅಮ್ಮಾ, ನಿಮ್ಮ ಭಯ ನಂಗೆ ಅರ್ಥ ಆಗುತ್ತೆ. ನಮ್ಮಮ್ಮನೂ ಹೀಗೇ ಕೇಳ್ತಿದ್ರು. 'ಜಾಗ್ರತೆ' ಅಂತ ಹೇಳಿ ಕಳಿಸಿದ್ರೆ ಮಕ್ಕಳಿಗೆ ಉಪಯೋಗಕ್ಕೆ ಬರೋದಿಲ್ಲ. ಇದನ್ನ ಹೇಳಿ.

ಹನೋಯ್ ಹಳೇ ಪೇಟೆಯಲ್ಲಿ ಬೈಕುಗಳು ನಿಲ್ಲೋದೇ ಇಲ್ಲ, ಹೊಳೆ ಹರಿದ ಹಾಗೆ ಬರ್ತಾ ಇರ್ತವೆ. ಖಾಲಿ ಆಗಲಿ ಅಂತ ಕಾದ್ರೆ ಸಂಜೆ ಆಗುತ್ತೆ. ಬಸ್ಸು, ಕಾರು ಇಲ್ಲದ ಹೊತ್ತು ನೋಡಿ ಇಬ್ಬರೂ ಅಕ್ಕಪಕ್ಕ ನಿಂತು, ಒಂದೇ ಸಮನಾದ ನಿಧಾನದ ಹೆಜ್ಜೆಯಲ್ಲಿ ದಾಟಬೇಕು. ಬೈಕಿನವರು ನಿಮ್ಮ ಹೆಜ್ಜೆ ನೋಡಿ ಸುತ್ತಿ ಹೋಗ್ತಾರೆ. ಅರ್ಧದಲ್ಲಿ ನಿಲ್ಲೋದು, ಓಡೋದು, ಹಿಂದಕ್ಕೆ ಬರೋದು ಮಾಡಿದ್ರೇನೇ ಅಪಾಯ. ಮೊದಲ ದಿನ ಅಲ್ಲಿನ ಯಾರಾದ್ರೂ ಅಜ್ಜಿ ದಾಟುವಾಗ ಅವರ ಮಗ್ಗುಲಿಗೆ ಸೇರಿಕೊಳ್ಳಲಿ.

ಬ್ಯಾಂಕಾಕ್‌ನ ದೊಡ್ಡ ದೇವಾಲಯ, ಅರಮನೆ ಹತ್ರ ಚೆನ್ನಾಗಿ ಬಟ್ಟೆ ಹಾಕಿದವರು ಬಂದು 'ಇವತ್ತು ಮುಚ್ಚಿದೆ, ಬೇರೆ ಕಡೆ ತುಕ್-ತುಕ್‌ನಲ್ಲಿ ಕಡಿಮೆಗೆ ಕರ್ಕೊಂಡು ಹೋಗ್ತಾರೆ' ಅಂತಾರೆ. ಆ ತುಕ್-ತುಕ್ ಹೋಗಿ ನಿಲ್ಲೋದು ಹರಳಿನ ಅಂಗಡಿ ಮುಂದೆ. ಮುಚ್ಚಿದ್ಯೋ ಇಲ್ವೋ ಅಂತ ಬಾಗಿಲವರೆಗೆ ನಡೆದು ತಾವೇ ನೋಡಲಿ.

ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟ್ ಅಡ ಇಡೋದು ಬೇಡವೇ ಬೇಡ. ಥಾಯ್ಲೆಂಡ್‌ನಲ್ಲಿ, ಇಲ್ಲಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸದೆ ಓಡಿಸಿ ಬಿದ್ರೆ ಇನ್ಶೂರೆನ್ಸ್‌ನವರು ಕೈ ಎತ್ತಿಬಿಡಬಹುದು. ಮತ್ತೆ ಥಾಯ್ಲೆಂಡ್‌ನಲ್ಲಿ ಇ-ಸಿಗರೇಟ್ ಕಾನೂನಿಗೆ ವಿರುದ್ಧ. ಯಾರದ್ದೋ ಬ್ಯಾಗಲ್ಲಿದ್ದದ್ದನ್ನೂ ಇಟ್ಕೊಳ್ಳೋದು ಬೇಡ.

ಪ್ರಶ್ನೆ (ಹೊಸನಗರ): ನಾವಿಬ್ರು ಹೋದ ವರ್ಷ ಬರೀ ಗೋವಾಕ್ಕೆ ಹೋಗಿ ದುಡ್ಡಿನ ವಿಷಯಕ್ಕೆ ಮಾತು ಬಿಟ್ಟು ಬಂದ್ವಿ. ಮೂರು ವಾರ ಹೇಗೆ?

ಉತ್ತರ: ನೀರೊಳಗೆ ನಾವು ಮಾಡೋದನ್ನೇ ಮೇಲೂ ಮಾಡಿ. ಸಿಲಿಂಡರ್‌ನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿರುತ್ತೆ. 100ಕ್ಕೆ ಬಂದಾಗ ಜೊತೆಗಾರನಿಗೆ ಸನ್ನೆ ಮಾಡ್ಬೇಕು, 50 ಉಳಿದಿರುವಾಗಲೇ ಮೇಲೆ ಬಂದಿರ್ಬೇಕು. ಯಾರ ಗಾಳಿ ಮೊದಲು ಇಳೀತೋ ಅವರ ಲೆಕ್ಕಕ್ಕೇ ಇಬ್ಬರೂ ತಿರುಗೋದು. ಹೆದರಿದವನು ಬೇಗ ಗಾಳಿ ಎಳೀತಾನೆ, ಅದಕ್ಕೆ ಅವನನ್ನ ಯಾರೂ ಬಯ್ಯೋದಿಲ್ಲ.

ದುಡ್ಡಿಗೂ ಹಾಗೇ. ಹೊರಡೋ ಮುಂಚೆ ಇಬ್ಬರೂ ತಮ್ಮ ಹತ್ರ ನಿಜವಾಗಿ ಎಷ್ಟಿದೆ ಅಂತ ಬಾಯಿಬಿಟ್ಟು ಹೇಳಿ. ಕಡಿಮೆ ಇರೋವರ ಲೆಕ್ಕಕ್ಕೆ ರೂಮು, ಊಟ ನಡೀಲಿ. ಅರ್ಧ ಖರ್ಚಾದ ದಿನ ಹೇಳಿ. ಇಬ್ಬರೂ ಸಮಾನ ಹಾಕಿದ ಒಂದು ಪರ್ಸ್‌ನಿಂದ ಬಸ್ಸು, ರೂಮು ಕೊಡಿ, ಬೇರೆಯದ್ದೆಲ್ಲ ಅವರವರದ್ದು. ವಾರಕ್ಕೊಂದು ದಿನ ಬೇರೆ ಬೇರೆ ತಿರುಗಿ ರಾತ್ರಿ ಊಟಕ್ಕೆ ಸೇರಿ. ಜಗಳ ಆಗಿದೆ ಅಂತ ಅಲ್ಲ, ರಾತ್ರಿ ಹೇಳ್ಕೊಳ್ಳೋಕೆ ಇಬ್ಬರ ಹತ್ರಾನೂ ಹೊಸ ಸುದ್ದಿ ಇರುತ್ತೆ.

ಪ್ರಶ್ನೆ (ಕೊಪ್ಪ): ನಾವು ಸಸ್ಯಾಹಾರಿಗಳು. ಉಪವಾಸವೇ ಗತಿಯಾ?

ಉತ್ತರ: ಇಲ್ಲ. ಎರಡೂ ಕಡೆ ಸಾರು, ಪಲ್ಯಕ್ಕೆಲ್ಲ ಮೀನಿನ ಸಾಸ್ ಬೀಳುತ್ತೆ, 'ಮಾಂಸ ಬೇಡ' ಅಂದ್ರೆ ಸಾಲದು. ಥಾಯ್ಲೆಂಡ್‌ನಲ್ಲಿ 'ಜೇ' ಅನ್ನಿ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರೋ ಅಂಗಡಿ ಹುಡುಕಿ. ಅಲ್ಲಿ ಬೆಳ್ಳುಳ್ಳಿಯನ್ನೂ ಹಾಕೋದಿಲ್ಲ. ವಿಯೆಟ್ನಾಂನಲ್ಲಿ 'ಚಾಯ್' ಅಂದ್ರೆ ಸಸ್ಯಾಹಾರ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಅಲ್ಲಿ ಬಹಳ ಜನ ಅದನ್ನೇ ತಿಂತಾರೆ.

ಪ್ರಶ್ನೆ (ತೀರ್ಥಹಳ್ಳಿ): ಅಣ್ಣಾ, ಕಿವಿ ತೋರಿಸಿ ಬಂದೆ. ತೂತು ಮುಚ್ಚಿದೆ, ಕಲೆ ಇದೆ, ಇಳೀಬಹುದು ಅಂತ ಬರೆದುಕೊಟ್ರು. ಗೆಳೆಯ ಕೊಳದಲ್ಲಿ 60 ಮೀಟರ್‌ಗೆ ಸುಸ್ತಾದ. ಆಮೇಲೆ ಅವನೇ 'ಹೇಳೋಕೆ ನಾಚಿಕೆ ಆಗಿತ್ತು ಮಾರಾಯ' ಅಂದ. ದಿನಾ ಬೆಳಿಗ್ಗೆ ಹೋಗ್ತಿದೀವಿ. ಹವಳದ ಹತ್ರ ಎಂತ ಜಾಗ್ರತೆ ಬೇಕು?

ಉತ್ತರ: ಓದಿ ತುಂಬಾ ಖುಷಿ ಆಯ್ತು. ಅವನಿಗೆ ನನ್ನ ಕಡೆಯಿಂದಲೂ ಹೇಳು.

ಹವಳ ಕಲ್ಲಲ್ಲ, ಸಾವಿರಾರು ಪುಟ್ಟ ಜೀವಿಗಳ ಮನೆ. ಮುಟ್ಟಬೇಡಿ, ಕಾಲಿಗೆ ಹಾಕೋ ಈಜುರೆಕ್ಕೆ, ಅಂದ್ರೆ ಫಿನ್, ತಾಗಿಸ್ಬೇಡಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರೋ ಸನ್‌ಸ್ಕ್ರೀನನ್ನ ಥಾಯ್ಲೆಂಡ್‌ನ ಸಾಗರ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಲ್ಲೇ ನಿಷೇಧಿಸಿದ್ದಾರೆ. ತುಂಬುತೋಳಿನ ಈಜು ಅಂಗಿ ಹಾಕಿದ್ರೆ ಅದರ ಗೊಡವೆಯೇ ಇಲ್ಲ. ಟೈಟನ್ ಟ್ರಿಗರ್ ಅನ್ನೋ ದೊಡ್ಡ ಮೀನು ಗೂಡು ಕಾಯುವಾಗ ಕಚ್ಚೋಕೆ ಬರುತ್ತೆ. ಅದರ ಗಡಿ ಗೂಡಿನಿಂದ ಮೇಲಕ್ಕೆ ಆಲಿಕೆ ಥರ ಅಗಲ ಆಗ್ತಾ ಹೋಗುತ್ತೆ, ಮೇಲಕ್ಕೆ ಏರಿದ್ರೆ ಅದರ ಜಾಗದೊಳಗೇ ಇರ್ತೀರಿ. ಫಿನ್ ಅದರ ಕಡೆಗಿಟ್ಟು ಅಡ್ಡಕ್ಕೆ ಈಜಿ ಹೋಗಿ. ಏನೇ ಆದ್ರೂ ಉಸಿರು ಹಿಡೀಬೇಡಿ. ಮೇಲೆ ಬರುವಾಗ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಿ.

ಡಾಕ್ಟರ್ ಚೀಟಿ ಬ್ಯಾಗಲ್ಲಿಟ್ಕೋ. ಅಲ್ಲಿ ಕೊಡೋ ಆರೋಗ್ಯದ ಫಾರ್ಮ್‌ನಲ್ಲಿ ಕಿವಿಯ ಸಾಲಿಗೆ 'ಹೌದು' ಅಂತಲೇ ಗುರುತು ಹಾಕು.