ನೆಟ್ ಹೋಗಿ ನಾಲ್ಕನೇ ದಿನ, ಎಲ್ಲ ಮನೆಯವರೂ ದಯವಿಟ್ಟು ಓದಿ

ಅಕ್ಕೋರು, 12ನೇ ಮನೆ
ಶನಿವಾರ ಸಂಜೆ 5.40

ಎಲ್ಲರಿಗೂ ನಮಸ್ಕಾರ. ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಕೊಡೆ ಹಿಡಿದು ನಿಂತು ಬರೆಯುತ್ತಿದ್ದೇನೆ. ಗುಡ್ಡದ ಮರೆಯಲ್ಲಿರುವ ನಮ್ಮ ಬಡಾವಣೆಯಲ್ಲಿ ಫೋನಿಗೆ ಎರಡು ಕಡ್ಡಿ ರೇಂಜ್ ಸಿಗೋ ಜಾಗ ಇದೊಂದೇ. ಬುಧವಾರ ಮಧ್ಯಾಹ್ನ ಗಟಾರ ತೋಡೋ ಜೆಸಿಬಿ ಫೈಬರ್ ಕೇಬಲ್ ಹರಿದು ಹಾಕಿತು. ಅವತ್ತಿನಿಂದ 43 ಮನೆಗೂ ನೆಟ್ ಇಲ್ಲ. ನಾನು ಕಂಪನಿಗೆ ಒಂಬತ್ತು ಸಲ ಫೋನ್ ಮಾಡಿದ್ದೇನೆ. "ನಿಮ್ಮ ಏರಿಯಾದಲ್ಲಿ ಕನೆಕ್ಷನ್ ಕಡಿಮೆ ಮೇಡಂ, ಮಳೆ ನಿಂತ ಮೇಲೆ ನೋಡೋಣ" ಅಂದರು. ಕಾರವಾರದಲ್ಲಿ ಮಳೆ ನಿಲ್ಲೋದು ಯಾವಾಗ ಅಂತ ಅವರಿಗೆ ಯಾರು ಹೇಳಬೇಕು?

ಇವತ್ತು ರೇಶನ್ ಅಂಗಡಿಯಲ್ಲಿ ನೋಡಿದ್ದನ್ನು ಹೇಳಲೇಬೇಕು. ನನ್ನ ಮುಂದೆ ಕೆಳಗಿನ ಸಾಲಿನ ಅಜ್ಜಿ ನಿಂತಿದ್ದರು. ಮಷೀನ್ ಮೇಲೆ ಹೆಬ್ಬೆರಳು ಇಟ್ಟರು, ಗಾಜಿನ ಕೆಳಗೆ ಬೆಳಕು ಬಂತು, ಆಮೇಲೆ ಪರದೆಯಲ್ಲಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟರು. ಆ ಕೈ ಆಗಲಿಲ್ಲ ಅಂತ ಈ ಕೈ. ಐದನೇ ಸಲಕ್ಕೆ ನನ್ನ ಕಡೆ ತಿರುಗಿ, "ಮೀನು ಕೊಯ್ದು ಕೊಯ್ದು ನನ್ನ ಬೆರಳೇ ಸವೆದು ಹೋಯ್ತು ಕಾಣ್ತದೆ ಮಗಾ" ಅಂದರು. ಬೆರಳು ಸರಿಯಾಗೇ ಇದೆ. ಮಷೀನಿನ ಸಿಮ್ಮಿಗೆ ರೇಂಜ್ ಇಲ್ಲ, ಮೂರು ತಿಂಗಳಿಂದ ಅಂಗಡಿಯವರು ಅದನ್ನು ಫೈಬರಿನ ವೈಫೈಗೆ ಹಚ್ಚಿ ನಡೆಸುತ್ತಿದ್ದರು, ಈಗ ಅದೂ ಇಲ್ಲ. ಅಜ್ಜಿ ಖಾಲಿ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಎರಡನೇ ಸಲವಂತೆ ಇದು.

ತಪ್ಪು ಬೇರೆಯವರದ್ದು, ಆದರೆ ಆಕೆ ತನ್ನ ಬೆರಳನ್ನೇ ಬೈದುಕೊಂಡರು. ನನಗೆ ಅದನ್ನು ತಡೆದುಕೊಳ್ಳೋಕೆ ಆಗುತ್ತಿಲ್ಲ.

ನೆಟ್ ನಮ್ಮ ಹಕ್ಕು ಅಂತ ಅರ್ಜಿ ಬರೆಯೋಕೆ ನಾಳೆ ಬೆಳಿಗ್ಗೆ 10ಕ್ಕೆ ಗಣಪತಿ ಮಂಟಪದಲ್ಲಿ ಸೇರೋಣ. ಮನೆಗೆ ಒಬ್ಬರಾದರೂ ಬನ್ನಿ.

24ನೇ ಮನೆ
ಶನಿವಾರ ಸಂಜೆ 6.15

ಅಕ್ಕೋರೆ, ನಾನು ಬರುತ್ತೇನೆ. ಒಂದು ವಿಷಯ ಎಲ್ಲರಿಗೂ ತಿಳಿದಿರಲಿ. ವೈಫೈ ಪೆಟ್ಟಿಗೆಯಲ್ಲಿ ಎಲ್ಓಎಸ್ ಅಂತ ಬರೆದ ಕಡೆ ಕೆಂಪು ದೀಪ ಮಿಣುಕುತ್ತಿದ್ದರೆ ತಂತಿಯಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಲ್ಲ. ಕಂಪನಿಯವರು ಫೋನಿನಲ್ಲಿ ಅದನ್ನೇ ಹತ್ತು ಸಲ ಮಾಡಿಸುತ್ತಾರೆ. ಕೆಂಪು ದೀಪ ಇದೆ ಅಂತ ಮೊದಲೇ ಹೇಳಿಬಿಡಿ.

ಕೇಬಲ್ ಒಳಗೆ ಇರೋದು ಕೂದಲಿನಷ್ಟು ಸಪೂರದ ಗಾಜಿನ ಎಳೆಗಳು. ತಾಮ್ರದ ವೈರ್ ಥರ ತಿರುಚಿ ಟೇಪ್ ಸುತ್ತಿದರೆ ಆಗಲ್ಲ. ಎರಡು ತುದಿ ನೇರ ಕತ್ತರಿಸಿ, ಒರೆಸಿ, ಸ್ಪ್ಲೈಸಿಂಗ್ ಮಷೀನಿನಲ್ಲಿಟ್ಟು ಬಿಸಿ ಮಾಡಿ ಕೂಡಿಸಬೇಕು. ನೀರು, ಕೆಸರು ತಾಗಿದರೆ ಜೋಡಣೆ ಕೆಡುತ್ತೆ, ಹಾಗಾಗಿ ಮಳೆಯಲ್ಲಿ ಕಷ್ಟ ಅನ್ನೋದು ಪೂರ್ತಿ ಸುಳ್ಳಲ್ಲ. ಆದರೆ ಮೇಲೆ ತಾಡಪಾಲು ಕಟ್ಟಿಕೊಂಡು ಮಾಡಬಹುದು, ನಾನು ಬೇರೆ ಕಡೆ ನೋಡಿದ್ದೇನೆ. ತುಂಡಾದ ಜಾಗ ಮೂಲೆಯ ಹಲಸಿನ ಮರದ ಎದುರು. ಕಿತ್ತ ತುದಿ ಇನ್ನೂ ಗಟಾರದ ನೀರಿನಲ್ಲಿ ತೇಲ್ತಾ ಇದೆ. ಫೋಟೊ ತೆಗೆದಿಟ್ಟಿದ್ದೇನೆ.

7ನೇ ಮನೆ
ಶನಿವಾರ ಸಂಜೆ 6.50

ಅಕ್ಕೋರು ಬೇಜಾರು ಮಾಡಿಕೊಳ್ಳಬಾರದು. ನನಗೆ 74 ವರ್ಷ. ನಾವು ನೆಟ್ ಇಲ್ಲದೆ ಮಕ್ಕಳನ್ನು ಓದಿಸಿದೆವು, ಮದುವೆ ಮಾಡಿದೆವು. ಮೂರು ದಿನಕ್ಕೊಮ್ಮೆ ನೀರು ಬರುತ್ತೆ, ರಸ್ತೆ ಪೂರ್ತಿ ಹೊಂಡ. ಅದನ್ನು ಬಿಟ್ಟು ನೆಟ್ಟಿಗೆ ಹಕ್ಕು ಅಂತ ಹೋರಾಡೋದು ನನಗೆ ಸರಿ ಕಾಣಲಿಲ್ಲ.

ಅಕ್ಕೋರು, 12ನೇ ಮನೆ
ಶನಿವಾರ ಸಂಜೆ 7.05

ಬೇಜಾರು ಏನಿಲ್ಲ ಕಾಕಾ, ನೀವು ಹೇಳಿದ್ದು ಒಳ್ಳೆಯದೇ ಆಯ್ತು, ನೀರಿನ ವಿಷಯವೂ ನಾಳೆ ಮಾತಾಡೋಣ. ಆದರೆ ಒಂದು ನೆನಪು ಮಾಡಿಕೊಳ್ಳಿ. ನೀವು ಮಕ್ಕಳನ್ನು ಓದಿಸುವಾಗ ರೇಶನ್ನಿಗೆ ಕಾರ್ಡು ಕೊಟ್ಟರೆ ಅಂಗಡಿಯವರು ಪೆನ್ನಿನಲ್ಲಿ ಬರೆದು ಅಕ್ಕಿ ಅಳೆದು ಕೊಡುತ್ತಿದ್ದರು. ಬ್ಯಾಂಕಿನಲ್ಲಿ ಚೀಟಿ ತುಂಬಿದರೆ ದುಡ್ಡು. ಸ್ಕಾಲರ್‌ಶಿಪ್ ಅರ್ಜಿಯನ್ನು ಮಾಸ್ತರರ ಕೈಗೆ ಕೊಟ್ಟರೆ ಮುಗೀತು. ಆಗ ಬೇರೆ ಬಾಗಿಲುಗಳಿದ್ದವು. ಈಗ ಅವನ್ನೆಲ್ಲ ಮುಚ್ಚಿ ಎಲ್ಲರಿಗೂ ಒಂದೇ ಬಾಗಿಲಿನಲ್ಲಿ ಬನ್ನಿ ಅಂದಿದ್ದಾರೆ, ಮತ್ತೆ ಆ ಬಾಗಿಲನ್ನೂ ಹಾಕಿದರೆ ನಾವು ಎಲ್ಲಿಗೆ ಹೋಗಬೇಕು? ನೆಟ್ ಬೇಕು ಅಂತ ಹಟ ಹಿಡಿದವರು ನಾವಲ್ಲ. ಗ್ಯಾಸು, ಪೆನ್ಶನ್, ಕರೆಂಟ್ ಬಿಲ್ಲು, ಗೃಹಲಕ್ಷ್ಮಿ ಎಲ್ಲವನ್ನೂ ಅದರೊಳಗೆ ಇಟ್ಟವರು ಬೇರೆಯವರು. ಹಾಗಾದ ಮೇಲೆ ಅದು ನೀರಿನ ಹಾಗೆ, ಕರೆಂಟಿನ ಹಾಗೆ.

ನಿಮ್ಮ ಜೀವನ ಪ್ರಮಾಣಪತ್ರವನ್ನು ಹೋದ ನವೆಂಬರಿನಲ್ಲಿ ನನ್ನ ಮಗಳೇ ಫೋನಿನಲ್ಲಿ ಮಾಡಿಕೊಟ್ಟಳು, ನೆನಪಿದೆ ಅಲ್ವಾ?

31ನೇ ಮನೆ, ಮೀನಿನ ಗಾಡಿ
ಶನಿವಾರ ರಾತ್ರಿ 9.20

ಎಲ್ಲ ಮೆಸೇಜು ಈಗ ಒಟ್ಟಿಗೆ ಬಂತು, ಬೈತಖೋಲ್ ಬಂದರಿನಲ್ಲಿದ್ದೇನೆ. ಕಾಕಾ, ನಾನು ಜಾಸ್ತಿ ಓದಿದವನಲ್ಲ, ನನ್ನ ಲೆಕ್ಕ ಹೇಳುತ್ತೇನೆ. 2024ರ ಆಗಸ್ಟ್ 6ರ ಮಧ್ಯರಾತ್ರಿ ದಾಟಿ 7 ಆದ ಮೇಲೆ ಕಾಳಿ ನದಿಯ ಹಳೆ ಸೇತುವೆ ಬಿತ್ತಲ್ಲ, ಅವತ್ತು ಬೆಳಗಿನ ಜಾವಕ್ಕೆ ನನ್ನ ಗಾಡಿ ಗೋವಾಕ್ಕೆ ಹೊರಡಬೇಕಿತ್ತು. ಐಸ್ ಹಾಕಿ ತಯಾರು ಮಾಡಿ ಇಟ್ಟಿದ್ದೆ. ರಾತ್ರಿ ಎರಡು ಗಂಟೆ ಹೊತ್ತಿಗೆ ಸದಾಶಿವಗಡದ ದೋಸ್ತ ಒಂದು ವಿಡಿಯೊ ಹಾಕಿದ. ಕತ್ತಲಲ್ಲಿ ಟಾರ್ಚ್ ಬೆಳಕು, ಸೇತುವೆ ಇದ್ದ ಜಾಗದಲ್ಲಿ ಬರೀ ನೀರು. ಅದನ್ನು ನೋಡಿ ಗಾಡಿ ನಿಲ್ಲಿಸಿದೆ. ಅದಕ್ಕಿಂತ ಮೂರು ವಾರ ಮುಂಚೆ, ಜುಲೈ 16ಕ್ಕೆ, ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿದ್ದಾಗಲೂ ಮೊದಲು ತಿಳಿದದ್ದು ಫೋನಿನಲ್ಲೇ. ನಮ್ಮ ಮನೆಯ ಹಿಂದೆಯೂ ಗುಡ್ಡ ಇದೆ. ಈ ಮಳೆಯಲ್ಲಿ ನಾನು ಬಂದರಿನಲ್ಲಿ, ಹೆಂಡತಿ ಮಕ್ಕಳು ಮನೆಯಲ್ಲಿ, ನಾಲ್ಕು ದಿನದಿಂದ ರಾತ್ರಿ ಅವರಿಗೆ ಫೋನ್ ತಾಗುತ್ತಿಲ್ಲ. ಮನೆಯಲ್ಲಿ ವೈಫೈ ಇದ್ದರೇನೇ ಕಾಲ್ ಹೋಗೋದು. ನನಗೆ ನಿದ್ದೆ ಇಲ್ಲ.

ನಾಳೆ 10ಕ್ಕೆ ನಾನು ಬರುತ್ತೇನೆ.

16ನೇ ಮನೆ
ಶನಿವಾರ ರಾತ್ರಿ 9.45

ನಮ್ಮ ಹುಡುಗಿದು ಸಿಇಟಿ ಆಪ್ಷನ್ ಎಂಟ್ರಿ ನಡೀತಾ ಇದೆ. ದಿನಾ ಪೇಟೆಯ ಸೈಬರಿಗೆ ಹೋಗಿ ಕ್ಯೂ ನಿಂತು ಮಾಡುತ್ತಿದ್ದೇವೆ, ಆಟೋ ಬಾಡಿಗೆ ಹೋಗಿಬರೋಕೆ 160 ರೂಪಾಯಿ. ಒಟಿಪಿ ಬರೋದು ಅವರ ಅಪ್ಪನ ಫೋನಿಗೆ, ಅವರು ಕೆಲಸದಲ್ಲಿ. ಕಾಲೇಜುಗಳನ್ನು ಯಾವ ಸಾಲಿನಲ್ಲಿ ಹಾಕಬೇಕು ಅಂತ ಮನೆಯಲ್ಲಿ ಕೂತು ಯೋಚಿಸೋಕೆ ಅವಳಿಗೆ ಅವಕಾಶವೇ ಇಲ್ಲ. ಹಿಂದೆ ನಿಂತವರು ಬೇಗ ಮುಗಿಸಿ ಅಂತಾರೆ. ಒಂದು ವರ್ಷದ ಓದು ಇದು.

ವಕೀಲರು, 19ನೇ ಮನೆ
ಶನಿವಾರ ರಾತ್ರಿ 10.30

ಹಕ್ಕು ಅನ್ನೋ ಮಾತು ಬಂದಿದೆ, ಅದನ್ನು ಸರಿಯಾಗಿ ಹೇಳಿಬಿಡುತ್ತೇನೆ. ಅರ್ಜಿಯಲ್ಲಿ ತಪ್ಪು ಬರೆದರೆ ಅವರಿಗೆ ಅದೇ ನೆಪ ಆಗುತ್ತೆ.

2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟಿನಲ್ಲಿ ಕಲ್ಲಿಕೋಟೆ ಕಡೆಯ ಕಾಲೇಜು ವಿದ್ಯಾರ್ಥಿನಿಯ ಕೇಸು ಬಂತು. ಹಾಸ್ಟೆಲಿನಲ್ಲಿ ಸಂಜೆ 6ರಿಂದ 10ರವರೆಗೆ ಮೊಬೈಲ್ ಬಳಸಬಾರದು ಅಂತ ನಿಯಮ, ಆಕೆ ಒಪ್ಪಲಿಲ್ಲ, ಹೊರಗೆ ಹಾಕಿದರು. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಅಂತ ಕೋರ್ಟು ಹೇಳಿತು, ಆಕೆಯನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಆದೇಶ ಮಾಡಿತು. 2020ರ ಜನವರಿ 10ಕ್ಕೆ ಸುಪ್ರೀಂ ಕೋರ್ಟು ಕಾಶ್ಮೀರದ ಕೇಸಿನಲ್ಲಿ, ನೆಟ್ ಮೂಲಕ ಮಾತಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ, ಗಡುವಿಲ್ಲದೆ ಬಂದ್ ಮಾಡುವ ಹಾಗಿಲ್ಲ ಅಂದಿತು. ನೆಟ್ ಸಂಪರ್ಕವೇ ಮೂಲಭೂತ ಹಕ್ಕು ಅಂತ ಆ ತೀರ್ಪಿನಲ್ಲಿ ಹೇಳಿಲ್ಲ. ಸುಮ್ನೆ ಹಾಗೆ ಬರೆಯಬೇಡಿ. ಅದೂ ಅಲ್ಲದೆ ಅದು ಸರ್ಕಾರ ನೆಟ್ ಬಂದ್ ಮಾಡಿದ ವಿಷಯ, ನಮ್ಮದು ಕೇಬಲ್ ಹರಿದ ವಿಷಯ.

ನಮಗೆ ಹತ್ತಿರದ್ದು 2025ರ ಏಪ್ರಿಲ್ 30ರ ಸುಪ್ರೀಂ ಕೋರ್ಟ್ ತೀರ್ಪು. ಆಸಿಡ್ ದಾಳಿಗೆ ಒಳಗಾದವರು, ಕಣ್ಣು ಕಾಣದವರು ಇ-ಕೆವೈಸಿ, ಅಂದರೆ ಆನ್‌ಲೈನಿನಲ್ಲಿ ಗುರುತು ಖಚಿತಪಡಿಸೋದು, ಮಾಡಿಸಲಾಗದೆ ಕೋರ್ಟಿಗೆ ಹೋಗಿದ್ದರು. ಕ್ಯಾಮರಾ ಮುಂದೆ ಕಣ್ಣು ಮಿಟುಕಿಸಿ ಅಂದರೆ ಅವರು ಏನು ಮಾಡಬೇಕು? ಡಿಜಿಟಲ್ ಸೇವೆಗಳು ಕೈಗೆ ಸಿಗುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟು ಹೇಳಿತು. ಹಳ್ಳಿಯವರು, ವಯಸ್ಸಾದವರು, ಬಡವರು ಹೊರಗೆ ಉಳಿಯಬಾರದು ಅಂತಲೂ ಹೇಳಿದೆ. ಅಕ್ಕೋರು ಹೇಳಿದ ಅಜ್ಜಿಯ ಬೆರಳು ಇದರೊಳಗೇ ಬರುತ್ತೆ.

ಇನ್ನು ಕೈಗೆ ಸಿಗುವ ದಾರಿ. ಎಲ್ಲರೂ ತಮ್ಮ ತಮ್ಮ ಹೆಸರಿನಲ್ಲಿ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿಗೆ ಕಂಪನಿ ಕೊಡುವ ಸಂಖ್ಯೆ) ಬರೆದಿಟ್ಟುಕೊಳ್ಳಿ. ನಂಬರ್ ಇಲ್ಲದ ಫೋನ್ ಕಾಲ್ ಲೆಕ್ಕಕ್ಕೆ ಬರಲ್ಲ, ಅಕ್ಕೋರ ಒಂಬತ್ತು ಕಾಲ್ ಸಹ. ಅಲ್ಲಿ ಸರಿಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು, ಅವರು 39 ದಿನದೊಳಗೆ ತೀರ್ಮಾನ ಕೊಡಬೇಕು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಫೈಬರ್ ದೋಷ ಮೂರು ದಿನದೊಳಗೆ ಸರಿಯಾಗದಿದ್ದರೆ ನೆಟ್ಟಿನ ಬಾಡಿಗೆಯಲ್ಲಿ ಕಡಿತ ಕೊಡಬೇಕು. ನಮಗೆ ಇವತ್ತು ಮಧ್ಯಾಹ್ನಕ್ಕೆ ಮೂರು ದಿನ ಮುಗಿದಿದೆ. ಟೆಲಿಕಾಂ ಕಂಪನಿ ಮೇಲೆ ಗ್ರಾಹಕ ಆಯೋಗಕ್ಕೂ ಹೋಗಬಹುದು ಅಂತ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗ್ರಾಹಕ ಸಹಾಯವಾಣಿ 1915.

3ನೇ ಮನೆ
ಭಾನುವಾರ ಬೆಳಿಗ್ಗೆ 7.30

ಒಂದೇ ಕೇಬಲ್ ನಂಬಿದರೆ ಮತ್ತೆ ಇದೇ ಗತಿ. ಎರಡು ವರ್ಷದ ಹಿಂದೆ ಟವರ್ ಹಾಕುತ್ತೇವೆ ಅಂತ ಬಂದಾಗ ನಾವೇ ಬೇಡ ಅಂದೆವು. ನಾನೂ ಸಹಿ ಮಾಡಿದ್ದೆ, ಮೊಮ್ಮಗ ಹುಟ್ಟಿದ ಹೊಸತು, ಹೆದರಿಕೆ ಆಗಿತ್ತು. ಈಗ ಮತ್ತೆ ಯೋಚಿಸಬೇಕು ಅನ್ನಿಸುತ್ತೆ.

24ನೇ ಮನೆ
ಭಾನುವಾರ ಬೆಳಿಗ್ಗೆ 7.50

ಮಾವ, ನಿಮ್ಮ ಹೆದರಿಕೆ ತಪ್ಪಲ್ಲ. ಟವರಿನಿಂದ ಬರೋ ಅಲೆಗಳಿಗೆ ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರಿನಲ್ಲಿ ತಂದ ಮಿತಿ, ಆಗಿನ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ ಮಾತ್ರ. ಸರ್ಕಾರದ ತರಂಗ ಸಂಚಾರ್ ಪೋರ್ಟಲಿನಲ್ಲಿ ಸುತ್ತಲಿನ ಟವರ್ ಯಾವುದು, ಮಿತಿಯೊಳಗೆ ಇದೆಯಾ ಅಂತ ನೋಡಬಹುದು, ಶುಲ್ಕ ಕಟ್ಟಿದರೆ ಮನೆ ಹತ್ತಿರ ಬಂದು ಅಳೆದೂ ತೋರಿಸುತ್ತಾರೆ. ಟವರ್ ಬಂದರೆ ಮೊದಲ ಅಳತೆ ನಿಮ್ಮ ಮನೆ ಎದುರೇ ಮಾಡಿಸೋಣ.

ಅಕ್ಕೋರು, 12ನೇ ಮನೆ
ಭಾನುವಾರ ಮಧ್ಯಾಹ್ನ 12.40

ಸಭೆಗೆ 29 ಮನೆಯವರು ಬಂದಿದ್ದರು. 7ನೇ ಮನೆ ಕಾಕಾ ಬಂದು ಕೊನೆವರೆಗೂ ಕೂತಿದ್ದು ನನಗೆ ತುಂಬಾ ಸಂತೋಷ. ಬಾರದವರಿಗಾಗಿ ಬರೆಯುತ್ತಿದ್ದೇನೆ.

ಡಾಕೆಟ್ ನಂಬರುಗಳ ಪಟ್ಟಿಯನ್ನು 16ನೇ ಮನೆಯವರು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ, ಇಲ್ಲಿವರೆಗೆ 22 ಆಗಿದೆ. ಫೋನ್ ತಾಗದವರು ಸಂಜೆ 5ಕ್ಕೆ ಟ್ಯಾಂಕ್ ಹತ್ತಿರ ಬನ್ನಿ, 24ನೇ ಮನೆ ಹುಡುಗ ಮಾಡಿಸಿ ಕೊಡುತ್ತಾನೆ. ಗಟಾರದ ಗುತ್ತಿಗೆದಾರರಿಗೆ ಬೇರೆ ಪತ್ರ. ಅಗೆಯುವ ಮೊದಲು ಕೇಬಲ್ ಹಾಕಿದವರಿಗೆ ತಿಳಿಸೋಕೆ ಅಂತಲೇ 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಕಾಲ್ ಬಿಫೋರ್ ಯು ಡಿಗ್ ಅಂತ ಆ್ಯಪ್ ಬಿಟ್ಟಿದೆ. ಅದರಲ್ಲಿ ತಿಳಿಸಿದ್ದೀರಾ, ಇಲ್ಲವಾ, ಅಷ್ಟೇ ಪ್ರಶ್ನೆ. ಇನ್ನೂ 200 ಮೀಟರ್ ಅಗೆಯೋದು ಬಾಕಿ ಇದೆ, ನೆನಪಿರಲಿ. ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯಲ್ಲಿ ರೇಶನ್ ಮಾತು ಮೊದಲು ಇರಬೇಕು ಅಂತ ನಾನು ಹಟ ಮಾಡಿದೆ, ಎಲ್ಲರೂ ಒಪ್ಪಿದರು. ಮಷೀನ್ ನಡೆಯದ ದಿನ ಕೈಬರಹದಲ್ಲಿ ಬರೆದುಕೊಂಡಾದರೂ ಅಕ್ಕಿ ಕೊಡಿ ಅಂತ ಕೇಳುತ್ತೇವೆ.

ಟವರ್ ಬಗ್ಗೆ ಇವತ್ತು ತೀರ್ಮಾನ ಆಗಲಿಲ್ಲ, ನಾಲ್ಕು ಮನೆಯವರಿಗೆ ಒಪ್ಪಿಗೆ ಇಲ್ಲ. ಅವಸರ ಬೇಡ, ಅವರ ಜೊತೆ ಕೂತು ಮಾತಾಡೋಣ.

24ನೇ ಮನೆ
ಸೋಮವಾರ ಮಧ್ಯಾಹ್ನ 3.10

ಇಬ್ಬರು ಬಂದಿದ್ದಾರೆ, ಸ್ಪ್ಲೈಸಿಂಗ್ ಮಷೀನ್ ತಂದಿದ್ದಾರೆ! ಹಲಸಿನ ಮರಕ್ಕೆ ತಾಡಪಾಲು ಕಟ್ಟಿದ್ದೇವೆ. 31ನೇ ಮನೆಯವರು ಮೀನಿನ ಗಾಡಿಯ ಖಾಲಿ ಪೆಟ್ಟಿಗೆ ತಂದು ಮೇಜು ಮಾಡಿ ಕೊಟ್ಟರು. ಕೆಲಸದ ಹುಡುಗರ ಮೇಲೆ ಯಾರೂ ಸಿಟ್ಟು ಮಾಡಬೇಡಿ, ಹೊನ್ನಾವರದಿಂದ ಮಳೆಯಲ್ಲಿ ಬೈಕ್ ಮೇಲೆ ಬಂದಿದ್ದಾರೆ.

16ನೇ ಮನೆ
ಸೋಮವಾರ ಸಂಜೆ 5.25

ಹಸಿರು ಬಂತು. ಹುಡುಗಿ ಆಪ್ಷನ್ ತುಂಬೋಕೆ ಕೂತಳು.

ಅಕ್ಕೋರು, 12ನೇ ಮನೆ
ಸೋಮವಾರ ಸಂಜೆ 6.00

ನಮ್ಮಲ್ಲೂ ಬಂತು. ಕೆಳಗಿನ ಸಾಲಿನ ಆರು ಮನೆಯಲ್ಲಿ ಇನ್ನೂ ಕೆಂಪು ಇದೆ, ಇನ್ನೊಂದು ಎಳೆ ತುಂಡಾಗಿರಬೇಕು ಅಂತ ಹೇಳಿದರು, ನಾಳೆ ಮತ್ತೆ ಬರುತ್ತಾರಂತೆ. ಹಾಗಾಗಿ ಮನವಿ ನಿಲ್ಲಿಸುತ್ತಿಲ್ಲ, ಬಾಡಿಗೆ ಕಡಿತದ ಅರ್ಜಿಯೂ ಅಷ್ಟೇ. ನಾಳೆ 10.30ಕ್ಕೆ ಜಿಲ್ಲಾಧಿಕಾರಿ ಕಚೇರಿಯ ಗೇಟಿನ ಹತ್ತಿರ ಸಿಗೋಣ. ವಕೀಲರೇ, ಮನವಿಯ ಎರಡು ಪ್ರತಿ ಜಾಸ್ತಿ ತನ್ನಿ. ರೇಶನ್ ಅಂಗಡಿಯವರು ಬೆಳಿಗ್ಗೆ 8ಕ್ಕೆ ತೆಗೆಯುತ್ತೇನೆ ಅಂದಿದ್ದಾರೆ, ನಾನು ಅಜ್ಜಿಯನ್ನು ಕರೆದುಕೊಂಡು ಹೋಗಿ ಅಕ್ಕಿ ಕೊಡಿಸಿ ಅಲ್ಲಿಂದಲೇ ಬರುತ್ತೇನೆ.